ಬೂದು ಪೆಟ್ಟಿಗೆಯೊಳಗಿನ ಕೈ

ಸಲಾಡಿನ ಮೇಲೆ ಬೇಯಿಸಿದ ಮೊಟ್ಟೆಯ ಅರ್ಧ ಹೋಳು, ಹಳದಿಯ ಸುತ್ತ ಹಸಿರು ಗೆರೆ, ಹೆಚ್ಚು ಬೇಯಿಸಿಬಿಟ್ಟಿದ್ದಾರೆ, ಯಾಕಾದರೂ ಇದನ್ನು ತೆಗೆದುಕೊಂಡಳೋ ಗೆಜೀನೆ, ಮೇಳದ ಕ್ಯಾಂಟೀನಿನಲ್ಲಿ ಎದುರಿಗೆ ಅವಳ ವಕೀಲ ಫೋಲ್ಕ್‌ಮಾರ್ ಸಾಸೇಜು ಕತ್ತರಿಸುತ್ತಿದ್ದಾನೆ, ತಿನ್ನಿ, ಬೆಳಗಿನಿಂದ ಏನೂ ತಿಂದಿಲ್ಲ ನೀವು, ಗೆದ್ದವರು ಹೀಗೆ ಮುಖ ಇಳಿಬಿಟ್ಕೊಂಡು ಕೂತ್ಕೋತಾರಾ? — ಗೆದ್ದವರು, ಹೌದು, ಲೈಪ್‌ಜಿಗ್ ಮೇಳದ ಉದ್ದ ಹಾಲ್‌ನಲ್ಲಿ, ಕೃತಕ ಕೈಕಾಲುಗಳ ಮಳಿಗೆಗಳ ನಡುವೆ, ಬೂದು ಪೆಟ್ಟಿಗೆ ತಳ್ಳಿಕೊಂಡು ಕೋರ್ಟಿನ ಅಮೀನ ಮುಂದೆ, ಅವನ ಬೆನ್ನಿಗೆ ವಕೀಲ, ಕದ್ದ ಮಾಲು ಇದೇ ಎಂದು ಬೆರಳು ತೋರಿಸಲು ಕೊನೆಗೆ ಅವಳು, ಚೆನ್ನಾಗಿತ್ತು ಮೆರವಣಿಗೆ, ಪೆಟ್ಟಿಗೆಯ ಒಂದು ಗಾಲಿ ಮಾತ್ರ ಕಿರುಗುಟ್ಟುತ್ತಿತ್ತು, ಎಣ್ಣೆ ಬಿಡಬಾರದೇ ಅದಕ್ಕೆ — ಕೀಲು ಅವಳದೇ, ಅದರಲ್ಲಿ ಸುಳ್ಳಿಲ್ಲ, ಇನ್ನೊಂದು ಕೈಯ ನೆರವಿಲ್ಲದೆ ಹೆಬ್ಬೆರಳು ತಾನೇ ತಿರುಗುವ ಕೀಲು, ಪೇಟೆಂಟಿನಲ್ಲಿ ಅವಳ ಹೆಸರಿದೆ, ಸುಳ್ಳಿರುವುದು ಒಂದೇ ಒಂದು ಸಾಲಿನಲ್ಲಿ, ಅದನ್ನು ನಕಲು ಮಾಡಿದ ಕಂಪನಿಯ ಕೃತಕ ಕೈಯನ್ನು ಮೊದಲು ನೋಡಿದ್ದು ಈ ವಾರ, ಈ ಮೇಳದಲ್ಲಿ ಎಂದು ಪ್ರಮಾಣ ಮಾಡಿದ ಸಾಲು, ಯೋಚಿಸಿ ಹೇಳಿ ಎಂದಿದ್ದ ವಕೀಲ, ನಾನು ಒಂದೇ ಸಲ ಕೇಳೋದು, ಎದುರಿನವರನ್ನ ಕೇಳದೇನೇ ಕೋರ್ಟು ತಡೆಯಾಜ್ಞೆ ಕೊಡ್ಬೇಕಾದ್ರೆ ತುರ್ತು ಇರ್ಬೇಕು, ಬೆಂಕಿ ಅಂತ ಕೂಗೋರು ಹೊಗೆ ಕಂಡ ತಕ್ಷಣ ಕೂಗಿರ್ಬೇಕು, ಮೊದಲೇ ನೋಡಿ ಸುಮ್ಮನಿದ್ರಿ ಅಂದ್ರೆ ತುರ್ತು ಎಲ್ಲಿಂದ ಬಂತು, ಮಾಮೂಲಿ ದಾವೆ ಹಾಕ್ಕೊಂಡು ವರ್ಷಗಟ್ಟಲೆ ಅಲೀರಿ, ಅಷ್ಟರಲ್ಲಿ ಅವರು ಊರೆಲ್ಲ ಮಾರಿರ್ತಾರೆ, ನಿಮ್ಮ ಕಾರ್ಖಾನೆಗೆ ಬೀಗ ಬಿದ್ದಿರತ್ತೆ — ಈ ವಾರವೇ ನೋಡಿದ್ದು ಎಂದಿತು ಅವಳ ಬಾಯಿ, ಅಷ್ಟು ಸಲೀಸಾಗಿ, ನಾಲಿಗೆ ತಡವರಿಸಲೂ ಇಲ್ಲ.

ಕೆಲವು ವಾರಗಳ ಹಿಂದೆ, ಈಸ್ಟರ್ ಮಾರನೆಯ ದಿನ, ಮಾರಿಬೋರ್‌ನಲ್ಲಿ ಮಾತ್ಯಾಜನ ಅಡುಗೆಮನೆ, ಕಿಟಕಿಗೆ ಹಬೆ, ಗರಗಸಕ್ಕೆ ಬಲಗೈ ಕಳೆದುಕೊಂಡ ಮಾತ್ಯಾಜ, ಒಂದು ಕಾಲಕ್ಕೆ ಇವಳು ಮಾಡಿದ ಕೈಗಳನ್ನೇ ತೊಟ್ಟು ನೋಡಿ, ಇದು ಹಿಡಿಯತ್ತೆ, ಇದು ಬರೀ ದಂಡ ಎಂದು ಬೈದು ತಿದ್ದಿಸುತ್ತಿದ್ದವನು, ಈಗ ಅಲ್ಲಿಯ ಅದೇ ಪುಟ್ಟ ಕಂಪನಿಯಲ್ಲಿ, ಬಾ ಗೆಜೀನೆ, ಹೊಸ ಕೈ, ಕಣ್ಣು ಬಿಟ್ಕೊಂಡು ನೋಡು, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಕೆಂಪು ಮೊಟ್ಟೆ, ಹೆಬ್ಬೆರಳು ಮೆಲ್ಲನೆ ತಿರುಗಿತು, ಬೆರಳುಗಳು ಬಾಗಿದವು, ಮೊಟ್ಟೆ ಬಿರುಕು ಬಿಡಲಿಲ್ಲ, ಎಡಗೈಯಿಂದ ಸುಲಿದು, ಉಪ್ಪು ಉದುರಿಸಿ, ತಗೋ, ತಿನ್ನು, ತಿಂದಳು, ನಕ್ಕಳು, ತನ್ನದೇ ಕೀಲು ಎಂದು ಆ ಗಳಿಗೆಯೇ ಗೊತ್ತಾಗಿತ್ತು, ಮತ್ತೆ ಇನ್ನೊಂದೂ ಗೊತ್ತಾಗಿತ್ತು — ತಾನು ಮಾಡಿದ್ದಕ್ಕಿಂತ ಇದು ಚೆನ್ನಾಗಿ ತಿರುಗುತ್ತಿದೆ, ಅದಕ್ಕೇ ಕಾರ್ಖಾನೆಗೆ ಬಂದು ತುಟಿ ಬಿಚ್ಚಲಿಲ್ಲ, ಹೊಟ್ಟೆಕಿಚ್ಚು, ಬರೀ ಹೊಟ್ಟೆಕಿಚ್ಚು, ಅದನ್ನು ಯಾವ ಪ್ರಮಾಣಪತ್ರದಲ್ಲಿ ಬರೆಯುತ್ತಾರೆ — ಅವನ ಉಪ್ಪು ತಿಂದು ಇವತ್ತು ಅವನ ಮಳಿಗೆಗೇ ಅಮೀನನನ್ನು ಕರೆತಂದಳು, ಅವನೋ ದೂರದಿಂದಲೇ ಕೈಬೀಸಿದ, ಬಂದ್ಯಾ ಗೆಜೀನೆ, ಒಳ್ಳೇ ಹೊತ್ತಿಗೆ ಬಂದೆ, ಇವರಿಗೆ ಸ್ವಲ್ಪ ಹೇಳು, ಇದರಲ್ಲಿ ಕದ್ದುಮುಚ್ಚಿ ಏನಿದೆ, ಈಸ್ಟರಲ್ಲೇ ನೀನು ನೋಡಿದ್ದೀಯಲ್ಲ — ವಕೀಲನ ನಗು ತುಟಿಯ ಮೇಲೇ ಗಟ್ಟಿಯಾಯಿತು, ಅಮೀನ ಕಾಗದದಿಂದ ತಲೆ ಎತ್ತಿದ, ಭೂಮಿ ಬಾಯಿ ಬಿಡಬಾರದೇ, ಬಿಡಲಿಲ್ಲ, ಮೇಳದ ಹಸಿರು ಜಮಖಾನ ಹಾಗೇ ಇತ್ತು, ನಂಗೆ ನೆನಪಿಲ್ಲ ಎಂದಳು. ಮಾತ್ಯಾಜ ಯಾರದೋ ಗುರುತು ಹಿಡಿಯಲು ಯತ್ನಿಸುವವನ ಹಾಗೆ ನೋಡಿದ, ಅಷ್ಟೆ, ಅಮೀನ ಕೆಮ್ಮಿ, ನೀವು ತೊಟ್ಟಿರೋ ಕೈ ಸ್ವಂತದ್ದಾದ್ರೆ ನಾನು ಮುಟ್ಟೋ ಹಾಗಿಲ್ಲ, ಸ್ವಂತದ್ದಾ, ಕಂಪನೀದಾ, ಪಾಪ, ಆ ಮನುಷ್ಯ ಬಾಗಿಲು ತೆರೆದೇ ಇಟ್ಟಿದ್ದ, ಸ್ವಂತದ್ದು ಅನ್ನು ಮಾತ್ಯಾಜ, ಒಂದು ಸುಳ್ಳು, ಅವಳು ಹೇಳಿದಷ್ಟೇ ಸಲೀಸಾದ ಸುಳ್ಳು — ಕಂಪನೀದು ಎಂದ, ತೋಳು ಮಡಚಿ, ಪಟ್ಟಿ ಬಿಚ್ಚಿ, ತಾನೇ ಬಾಗಿ ಪೆಟ್ಟಿಗೆಯಲ್ಲಿಟ್ಟ, ತೋಳಿನ ಖಾಲಿ ತುದಿಯನ್ನು ಎಡ ಅಂಗೈಯಲ್ಲಿ ಮುಚ್ಚಿಕೊಂಡು ನಿಂತ, ಚಳಿಯಾದವನಂತೆ.

ಆ ಕಂಪನಿಯವರ ಆಕ್ಷೇಪಣೆ ಬಂತು, ಮೇಜಿನಾಚೆ ವಕೀಲ ಫೋನು ಕೆಳಗಿಡುತ್ತಿದ್ದಾನೆ, ಈಸ್ಟರಲ್ಲೇ ನೋಡಿದ್ರು ಅಂತಿದಾರೆ, ತಲೆ ಕೆಡಿಸ್ಕೋಬೇಡಿ, ನೆನಪಿಲ್ಲ ಅಂದ್ರಲ್ಲ ಅಲ್ಲಿ, ಬಹಳ ಒಳ್ಳೇದಾಯ್ತು, ಅದನ್ನೇ ಇನ್ನೊಂದು ಪ್ರಮಾಣಪತ್ರ ಮಾಡಿ ಇವತ್ತೇ ಕಳಿಸೋಣ, ಸಹಿ ಹಾಕ್ತೀರಲ್ಲ — ಹಾಳೆ ಮುಂದಿಟ್ಟು ಪೆನ್ನು ಚಾಚಿದ್ದಾನೆ, ತೆಗೆದುಕೊಂಡಳು, ಅವಳ ಹೆಬ್ಬೆರಳು, ಅವಳ ಬೆರಳುಗಳು, ಎಷ್ಟು ಸುಲಭವಾಗಿ ಬಾಗುತ್ತವೆ, ಊರಿನಲ್ಲಿ ಕಾರ್ಖಾನೆಯ ಜನ ಕಾಯುತ್ತಿದ್ದಾರೆ, ಗೆದ್ದ ಸುದ್ದಿಗೆ ಬಿಯರ್ ತರಿಸಿಟ್ಟಿದ್ದಾರಂತೆ, ಒಂದು ಗೆರೆ ಎಳೆದರಾಯಿತು, ಉಪ್ಪನ್ನೂ ಹಾಕಿಕೊಟ್ಟಿದ್ದ ಎಂದಳು, ಗಟ್ಟಿಯಾಗಿಯೇ, ಏನಂದ್ರಿ, ಯಾರು, ಏನು ಉಪ್ಪು — ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಕಂಡದ್ದು, ಬೂದು ತಳದಲ್ಲಿ ಅಂಗಾತ ಬಿದ್ದ ಕೈ, ಹೆಬ್ಬೆರಳು ತಿರುಗಿ, ಬೆರಳುಗಳು ಬಾಗಿ, ನಡುವೆ ಒಂದು ಮೊಟ್ಟೆಯಷ್ಟು ಜಾಗ, ಆ ಕೈ, ಹೆಬ್ಬೆರಳು ತಿರುಗಿ, ನಡುವೆ ಒಂದು ಮೊಟ್ಟೆಯಷ್ಟು ಜಾಗ, ಹಾಳೆಯ ಮೇಲೆ ಪೆನ್ನು ಇನ್ನೂ ಗೆರೆ ಎಳೆದಿಲ್ಲ.