ಗುವಾಹಟಿಗೆ ಮೂರೇ ತಾಸು

ನಮ್ಮ ಮನೆಯವರು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಯಾವ ಊರಿನ ಹೆಸರು ಬಂದರೂ ಮೊದಲು ಕಿಲೋಮೀಟರು, ಆಮೇಲೆ ತಾಸು ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಆದರೆ ಮಗಳು ರೋಹಿಣಿ ಗುವಾಹಟಿಯಿಂದ ಫೋನಿನಲ್ಲಿ ಅತ್ತ ದಿನ ಅವರೂ ಲೆಕ್ಕ ಮರೆತರು.

ಅವಳು ಅಲ್ಲಿ ಅರೆಸೇನಾಪಡೆಯಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆ ನಮ್ಮೂರು ಕಲಘಟಗಿಗೆ ಬರುವವಳಿದ್ದಳು. ಪ್ರಯಾಣ ಮಾಡಕೂಡದೆಂದು ಡಾಕ್ಟರು ತಡೆದರು.

"ತವರಮನ್ಯಾಗ ಹಡೀಬೇಕಂತಿದ್ದೆ ಅವ್ವಾ. ಇಲ್ಲಿ ನಮ್ಮ ಮನೀದಂತ ಏನೈತಿ?"

ರೈಲಿನಲ್ಲಾದರೆ ಮೂರು ದಿನದ ದಾರಿ.

ಮರುದಿನ ಇವರು ಹಾಳೆ ಹಿಡಿದು ಬಂದರು. "ಬೆಂಗಳೂರಿಂದ ಎರಡು ಸಾವಿರದ ಮ್ಯಾಲ ಚಿಲ್ಲರ ಕಿಲೋಮೀಟರ. ವಿಮಾನಕ್ಕ ಮೂರೇ ತಾಸು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನನ್ನ ಬಸ್ಸಿಗೆ ಎಂಟು ತಾಸು ಹಿಡೀತಿತ್ತು. ಅಂದ್ರ ಬೆಂಗಳೂರಕಿಂತ ಗುವಾಹಟಿನ ಹತ್ರ!"

"ತಲಿ ಸರಿ ಐತೇನ್ರಿ?" ಎಂದೆ. ಆದರೂ ಎದೆ ಹಗುರಾಯಿತು. ನಾವೇ ಹೋಗುವುದೆಂದಾಯಿತು.

ರೋಹಿಣಿ ಮಲಗಿ ಬೆಳೆದ ಬಣ್ಣದ ತೊಟ್ಟಿಲನ್ನು ಬಿಚ್ಚಿ ಕೌದಿಯಲ್ಲಿ ಸುತ್ತಿದೆವು. ಇಬ್ಬರಿಗೆ ಮೂವತ್ತು ಕಿಲೋ ಮಿತಿ. ಇವರು ಕಿರಾಣಿ ಅಂಗಡಿಯಲ್ಲಿ ತೂಗಿಸಿ ಇಪ್ಪತ್ತೊಂಬತ್ತೂವರೆಗೆ ತಂದಿಟ್ಟರು.

ಬೆಂಗಳೂರಿನ ವಿಮಾನ ನಿಲ್ದಾಣದ ತಕ್ಕಡಿ ಮೂವತ್ತೆರಡೂವರೆ ತೋರಿಸಿತು. ಇವರು ತಕ್ಕಡಿಯೇ ಸುಳ್ಳೆಂದು ಕೌಂಟರಿನ ಹುಡುಗಿಯೊಡನೆ ವಾದಕ್ಕೆ ನಿಂತರು. ನಾನು ಗಂಟು ಬಿಚ್ಚಿದೆ. ಒಳಗೆ ನಮ್ಮ ಅಡುಗೆಮನೆಯ ರುಬ್ಬುವ ಗುಂಡುಕಲ್ಲು, ಮೈಮೇಲೆ ಮೂರೆಳೆ ವಿಭೂತಿ, ತಲೆಗೆ ಕುಲಾವಿ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು ನಮ್ಮತ್ತೆ ರೇವವ್ವನ ಹೊರತು ಇನ್ಯಾರು? ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲು, ಆಮೇಲೆ ಕೂಸು. ಅದು ನಮ್ಮ ಪದ್ಧತಿ.

ಫೋನು ಹಚ್ಚಿದರೆ ಅತ್ತೆ ಗದರಿದರು. "ಬರೇ ತೊಟ್ಟಿಲ ಹೊಸ್ತಲ ದಾಟಬಾರದು. ನಿನ್ನ ಗಂಡಗಿಂತ ಮೊದಲ, ನಿನ್ನ ಮಗಳಿಗಿಂತ ಮೊದಲ ಅದ ಮಲಗೇತಿ!"

"ಗುವಾಹಟ್ಯಾಗ ಕಲ್ಲ ಸಿಗೂದಿಲ್ಲೇನಲೇ?" ಎಂದು ಇವರು ನನ್ನನ್ನು ಕೇಳಿದರು.

"ಸಿಗತಾವ್ರಿ. ನಮ್ಮ ಮನೀವು ಸಿಗೂದಿಲ್ಲ," ಎಂದೆ.

ಮೂವತ್ತು ವರ್ಷದಲ್ಲಿ ಅತ್ತೆಯ ಮಾತಿಗೆ ನಾನು ಹೂಂ ಎಂದದ್ದು ಅದೇ ಮೊದಲು. ತೂಕ ಇಳಿಸಲು ಚೀಲದ ಅಂಗಿಗಳನ್ನು ಇವರು ಒಂದರ ಮೇಲೊಂದು ಮೂರು ತೊಟ್ಟರು. ನಾನು ಎರಡು ಸ್ವೆಟರ್ ಹಾಕಿ, ಸೀರೆಗಳನ್ನು ಶಾಲಿನಂತೆ ಸುತ್ತಿಕೊಂಡೆ. ಕಲ್ಲು ಕುಲಾವಿ ಸಮೇತ ವಿಮಾನ ಹತ್ತಿತು.

ಗುವಾಹಟಿಯಲ್ಲಿ ಬಾಗಿಲು ತೆರೆದ ರೋಹಿಣಿ ಅಪ್ಪನ ಅವತಾರ ನೋಡಿ ಹೊಟ್ಟೆ ಹಿಡಿದು ನಕ್ಕಳು. ಗಂಟು ಬಿಚ್ಚಿದಾಗ ನಗು ನಿಂತಿತು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಅಜ್ಜಿ ಹಚ್ಚಿದ ವಿಭೂತಿಯ ಮೇಲೆ ಬೆರಳಾಡಿಸಿದಳು.

"ಇನ್ನ ನಾ ತವರಮನ್ಯಾಗ ಹಡೀತೇನ್ ಬಿಡವ್ವಾ," ಎಂದಳು.

ಇವರು ಮೂರನೆಯ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಎಷ್ಟು ಕಿಲೋಮೀಟರು ಬಂದೆವೆಂದು ಹೇಳಲೇ ಇಲ್ಲ.