ಕೆಕ್ಕೋ ಎಂಬ ಮಾತು

ಎರಡನೆಯ ಸಾಲಿನ ಮೂರನೆಯ ಸ್ವರಕ್ಕೆ ಬರುವಷ್ಟರಲ್ಲಿ ಮಿಫುಯುವಿನ ಕಿರುಬೆರಳು ತಂತಿಯ ಮೇಲೆ ನಿಂತುಬಿಟ್ಟಿತು. ಧ್ವನಿಮುದ್ರಣ ಕೋಣೆಯ ಗಾಜಿನ ಆಚೆ ಐದು ಜನ ಕುಳಿತಿದ್ದರು. ಅವಳು ಅತ್ತ ನೋಡಿರಲಿಲ್ಲ, ಆದರೂ ಐದು ಎಂದು ಗೊತ್ತಿತ್ತು. ಒಳಗೆ ಬರುವಾಗಲೇ ಬಾಗಿಲಲ್ಲಿ ಬಿಟ್ಟಿದ್ದ ಜೋಡುಗಳನ್ನು ಎಣಿಸಿಕೊಂಡಿದ್ದಳು. ಬೆರಳು ಏಳಲಿಲ್ಲ. ಅದನ್ನು ಕಂಡು ಬಲಗೈಯೂ ಹೆದರಿತು. ಗಿಟಾರು ಒಮ್ಮೆ ಕಿರುಗುಟ್ಟಿ, ಎಲ್ಲೋ ಬಿಟ್ಟು ಎಲ್ಲೋ ಹಿಡಿದು, ನಾಲ್ಕು ಹೆಜ್ಜೆ ಎಡವಿಕೊಂಡು ಹೋಗಿ ನಿಂತೇಹೋಯಿತು.

ತಮಾಷೆಯೆಂದರೆ, ಅವಳನ್ನು ಕರೆಸಿದ್ದೇ ತಪ್ಪು ನುಡಿಸುವುದಕ್ಕೆ. ಜನರನ್ನು ಕಂಡರೆ ನಡುಗುವ ಒಬ್ಬ ಗಿಟಾರು ಹುಡುಗಿಯ ಕಥೆ, ಹನ್ನೆರಡು ಕಂತಿನ ಕಾರ್ಟೂನ್ ಧಾರಾವಾಹಿ. ಐದನೆಯ ಕಂತಿನಲ್ಲಿ ನಾಯಕಿ ಮೊದಲ ಸಲ ವೇದಿಕೆ ಹತ್ತಿ ಎಲ್ಲವನ್ನೂ ಮರೆಯುತ್ತಾಳೆ. ಕೊನೆಯ ಕಂತಿನಲ್ಲಿ ಅದೇ ಹಾಡನ್ನು ಅದೇ ಜನರ ಮುಂದೆ ತುದಿಯವರೆಗೆ ನುಡಿಸುತ್ತಾಳೆ. ಮೊದಲು ಸಂಗೀತ, ಆಮೇಲೆ ಅದಕ್ಕೆ ತಕ್ಕ ಚಿತ್ರ. ಬೆರಳುಗಳನ್ನು ಆಡಿದ ಹಾಗೆಯೇ ಬರೆಯಲೆಂದು ಅವಳ ಕೈಯೆದುರು ಒಂದು ಪುಟ್ಟ ಕ್ಯಾಮೆರಾ ಕೂಡ ಇಟ್ಟಿದ್ದರು. ಎಲ್ಲೆಲ್ಲಿ ತಪ್ಪಬೇಕೆಂದು ಮಿಫುಯು ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಮೂರು ವಾರ ಅಭ್ಯಾಸ ಮಾಡಿದ್ದಳು. ಈಗ ಆದದ್ದು ಆ ಗುರುತುಗಳಲ್ಲಿ ಯಾವುದೂ ಅಲ್ಲ.

ಮಿಫುಯು ಇನಗಾಕಿಗೆ ಹತ್ತೊಂಬತ್ತು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಅಗೇಓ ಊರಿನ ಮನೆಯಲ್ಲಿ ತಾಯಿಯೊಂದಿಗಿದ್ದಳು. ಫೋನ್ ಬಂದರೆ ಎತ್ತುವವಳಲ್ಲ; ಅಂಗಡಿಯಲ್ಲಿ ಸಾಲು ಕಂಡರೆ ಹಿಡಿದ ಮೊಸರಿನ ಡಬ್ಬಿಯನ್ನು ವಾಪಸಿಟ್ಟು ಬರುವವಳು. ಹಾಸಿಗೆ ಮಡಚಿಡುವ ಗೋಡೆಗಪಾಟಿನೊಳಗೆ ಕುಳಿತು, ಬಾಗಿಲು ಎಳೆದುಕೊಂಡು ನುಡಿಸುತ್ತಿದ್ದಳು. ಮುಖ ಕಾಣದಂತೆ ಬರೀ ಕೈಗಳ ವಿಡಿಯೊ ಹಾಕುತ್ತಿದ್ದಳು. ಅದನ್ನು ನೋಡಿಯೇ ಧಾರಾವಾಹಿಯವರು ಪತ್ರ ಬರೆದದ್ದು. ಎರಡು ಸಾಲಿನ ಉತ್ತರ ಬರೆಯಲು ಅವಳಿಗೆ ಹನ್ನೊಂದು ದಿನ ಬೇಕಾಯಿತು. ಒಪ್ಪಿದ್ದು ಆ ಕೊನೆಯ ಹಾಡಿನ ಆಸೆಗೆ. ಒಂದೇ ಒಂದು ಸಲ, ಉಸಿರಾಡುವ ಮನುಷ್ಯರ ಮುಂದೆ ಅದನ್ನು ಪೂರ್ತಿ ನುಡಿಸಿದರೆ ತಾನೂ ಎಲ್ಲರಂತೆ ಬದುಕಬಹುದು ಎಂದು ಅವಳು ನಂಬಿದ್ದಳು. ಅದನ್ನು ಊಟವಾದ ಮೇಲೆ ಧ್ವನಿಮುದ್ರಿಸುವುದೆಂದು ಗೊತ್ತಾಗಿತ್ತು. ಸಹಾಯಕಿ ಹೊತ್ತಾ ಬೆಳಿಗ್ಗೆಯೇ ಬಂದು ಕೇಳಿದ್ದಳು:

"ಊಟದ ಡಬ್ಬಿ ತರಿಸ್ತಿದೀನಿ. ನಿಮಗೆ ಮೀನೋ, ಕೋಳಿನೋ?"

"ಯಾ... ಯಾವ್ದಾದ್ರೂ."

"ಯಾವ್ದಾದ್ರೂ ಅನ್ನೋದು ಆ ಅಂಗಡೀಲಿ ಸಿಗಲ್ವಲ್ಲಾ!" ಎಂದು ಹೊತ್ತಾ ನಕ್ಕಿದ್ದಳು. ಪಾಪ, ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಿಫುಯುವಿಗೆ ಮಾತ್ರ ಅದು ಕಿವಿಯೊಳಗೆ ಇನ್ನೂ ಉರಿಯುತ್ತಿತ್ತು.

ಈಗ ಗಾಜಿನ ಆಚೆಯಿಂದ ಸದ್ದಿಲ್ಲ. ಅತ್ತಲಿನ ಗುಂಡಿ ಒತ್ತಿದರಷ್ಟೇ ಅವರ ಮಾತು ಇವಳ ಕಿವಿಗೆ ಬರುವುದು. ಅರ್ಧ ನಿಮಿಷ ಕಳೆಯಿತು, ಒಂದು ನಿಮಿಷ ಕಳೆಯಿತು. ಕೊನೆಗೆ ಸಂಗೀತ ನಿರ್ದೇಶಕ ಕುಸಕಾಬೆಯ ದನಿ ಬಂತು. ಅರವತ್ತರ ಮನುಷ್ಯ.

"ಇನಗಾಕಿಯವ್ರೇ... ಕೆಕ್ಕೋ."

ಕೆಕ್ಕೋ ಎನ್ನುವುದು ಎರಡು ಮುಖದ ಮಾತು. ಮಾಡಿದ ಕೆಲಸವನ್ನು ನೋಡಿ ಹೇಳಿದರೆ ಭೇಷ್ ಎಂದರ್ಥ. ಚಹಾ ಬಗ್ಗಿಸಲು ಬಂದವರಿಗೆ ಹೇಳಿದರೆ ಬೇಡ, ಸಾಕು ಎಂದರ್ಥ. ಯಾವುದೆಂದು ತಿಳಿಯಬೇಕಾದರೆ ಹೇಳಿದವರ ಮುಖ ನೋಡಬೇಕು. ಮಿಫುಯು ಯಾರ ಮುಖವನ್ನೂ ನೋಡುವವಳಲ್ಲ.

ಅವಳು ನೆಲ ನೋಡುತ್ತಲೇ ಸೊಂಟದವರೆಗೆ ಬಾಗಿದಳು. ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಹೊರಬಂದಾಗ ಐವರೂ ಯಂತ್ರದ ಸುತ್ತ ಬಗ್ಗಿ, ಈಗಷ್ಟೇ ಮುದ್ರಿಸಿದ್ದನ್ನು ಮತ್ತೆ ಕೇಳುತ್ತ ನಿಂತಿದ್ದರು. ತನ್ನ ತಪ್ಪನ್ನೇ ಕೇಳಿ ನಗುತ್ತಿದ್ದಾರೆ ಎಂದುಕೊಂಡಳು. "ಶ್ರಮ ಕೊಟ್ಟೆ, ಕ್ಷಮಿಸಿ" ಎಂದಳು, ಅದು ಅವಳಿಗೇ ಕೇಳಿಸಲಿಲ್ಲ. ಒಂದು ಮಾತು ಕೇಳಬಾರದಿತ್ತೇ ಈ ಹುಡುಗಿ? "ಯಾವ ಕೆಕ್ಕೋ, ಸ್ವಾಮಿ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಬಾಯಿ ಇದ್ದಿದ್ದರೆ ಅವಳು ಕಪಾಟಿನೊಳಗೆ ಏಕೆ ಕೂರುತ್ತಿದ್ದಳು!

ರೈಲಿನಲ್ಲಿ ತೊಡೆಯ ಮೇಲಿನ ಚೀಲದೊಳಗೆ ಫೋನ್ ನಡುಗತೊಡಗಿತು. ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಎದುರಿನ ಮುದುಕಿ ಒಮ್ಮೆ ಚೀಲವನ್ನು ನೋಡಿದಳು. ಅಷ್ಟೇ ಸಾಕಾಯಿತು. ಮಿಫುಯು ಫೋನನ್ನು ಆರಿಸಿದಳು. ಮನೆ ಸೇರಿದವಳೇ ಅದನ್ನು ಕಪಾಟಿನ ಹಾಸಿಗೆಗಳ ಅಡಿಗೆ ತುರುಕಿದಳು.

ತಾಯಿ ಸನಾಏ ಶಿಶುವಿಹಾರದ ಅಡುಗೆಮನೆಯ ಕೆಲಸ ಮುಗಿಸಿ ಬಂದು, ಚಪ್ಪಲಿ ಕಳಚುವ ಮುನ್ನವೇ ಕೂಗಿದಳು:

"ಏನಾಯ್ತೇ? ಹೇಳೇ! ಏನಂದ್ರು?"

ಮಿಫುಯು ಕಪಾಟಿನ ಬಾಗಿಲನ್ನು ಒಳಗಿನಿಂದ ಇನ್ನಷ್ಟು ಎಳೆದುಕೊಂಡಳು.

"ಬಾಯಿಗೇನು ಬೀಗ ಹಾಕಿ ಕಳ್ಸಿದಾರಾ? ಒಂದು ಮಾತೂ ಅನ್ಲಿಲ್ವಾ ಅವ್ರು?"

"ಕೆಕ್ಕೋ ಅಂದ್ರು."

"ಕೆಕ್ಕೋ ಅಂದ್ರಾ?" ತಾಯಿಯ ದನಿ ಒಡೆಯಿತು. "ಕೆಕ್ಕೋ ಅಂದ್ರಾ, ನನ್ ಕಂದಾ!"

ಮಿಫುಯು ಬಾಗಿಲು ಸರಿಸಿ ನೋಡುವಷ್ಟರಲ್ಲಿ ತಾಯಿ ಕಣ್ಣೊರೆಸಿಕೊಂಡು ಅಡುಗೆಮನೆಯಲ್ಲಿ ಅಲಸಂದೆ ಕಾಳು ಹುಡುಕುತ್ತಿದ್ದಳು. ಮನೆಯಲ್ಲಿ ಶುಭ ನಡೆದರೆ ಆ ಕಾಳನ್ನು ಅಕ್ಕಿಯೊಂದಿಗೆ ಬೇಯಿಸಿ ಕೆಂಪನ್ನ ಮಾಡಬೇಕು. ಕಾಳು ಬೇಯುವಾಗ ಒಡೆಯಬಾರದು, ಒಡೆದರೆ ಒಳ್ಳೆಯದಲ್ಲ. ಸನಾಏ ಒಲೆಯ ಮುಂದಿನಿಂದ ಅಲುಗಲಿಲ್ಲ, ಒಂದು ಕಾಳೂ ಒಡೆಯಲಿಲ್ಲ. ಮಗಳು ಶಾಲೆ ಬಿಟ್ಟ ಮೇಲೆ ಈ ಮನೆಯಲ್ಲಿ ಕೆಂಪನ್ನ ಆದದ್ದು ಅದೇ ಮೊದಲು. ಮಿಫುಯು ಎರಡು ಬಟ್ಟಲು ತಿಂದಳು. ಬೇಡವೆಂದರೆ ಏಕೆಂದು ಹೇಳಬೇಕಾಗುತ್ತಿತ್ತು.

ನಾಲ್ಕನೆಯ ದಿನ ಫೋನ್ ತೆರೆದಳು. ಹದಿನಾರು ಕರೆ, ಒಂಬತ್ತು ಸಂದೇಶ. ಮೊದಲನೆಯದು ಹೊತ್ತಾಳದು: "ಎಲ್ಲಿದೀರಾ? ಮೀನು, ಕೋಳಿ ಎರಡೂ ತರಿಸಿದೀನಿ, ನಿಮಗೆ ಬೇಕಾದ್ದು ತಗೋಳಿ." ಕೊನೆಯದು ಕುಸಕಾಬೆಯದು, ಉದ್ದವಾಗಿತ್ತು. ನಲವತ್ತು ವರ್ಷದಲ್ಲಿ ಇಂಥ ನುಡಿಸಾಣಿಕೆ ಕೇಳಿರಲಿಲ್ಲ, ಹೆದರಿಕೆಯನ್ನು ಅಷ್ಟು ನಿಜವಾಗಿ ಅಭಿನಯಿಸುವುದು ಯಾರಿಗೂ ಸಾಧ್ಯವಿಲ್ಲ, ಗುಂಡಿ ಒತ್ತುವ ಮೊದಲು ಕಣ್ಣೊರೆಸಿಕೊಳ್ಳಬೇಕಾಯಿತು ಎಂದು ಬರೆದಿದ್ದರು. ಆಮೇಲೆ: "ನಮ್ಮ ನಡವಳಿಕೆಯಲ್ಲಿ ಏನೋ ನಿಮಗೆ ನೋವಾಗಿರಬೇಕು. ಬುಧವಾರದವರೆಗೆ ಕಾದೆವು. ಚಿತ್ರ ಬರೆಯುವವರು ಇನ್ನು ಕಾಯಲಾರರು. ಕೊನೆಯ ಹಾಡನ್ನು ಬೇರೊಬ್ಬರಿಂದ ನುಡಿಸಿಕೊಂಡಿದ್ದೇವೆ. ದಯವಿಟ್ಟು ಮನ್ನಿಸಿ."

ಅಂದು ಗುರುವಾರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವಳು ತುತ್ತನ್ನು ತಾನೇ ಹಾಸಿಗೆಯ ಅಡಿಗೆ ತುರುಕಿದ್ದಳು. ಅಭಿನಯ ಎಂಬ ಮಾತನ್ನು ಮತ್ತೆ ಮತ್ತೆ ಓದಿದಳು. ಅಳು ಕೂಡ ಬರಲಿಲ್ಲ. ಉತ್ತರ ಬರೆಯಲು ಕುಳಿತಳು, "ನಾನು" ಎಂದು ಬರೆದು ಅಳಿಸಿದಳು. ಆ ಉತ್ತರ ಹೋಗಲೇ ಇಲ್ಲ. ತಾಯಿಗೆ ಹೇಳಬೇಕೆಂದು ಎರಡು ಸಲ ಅಡುಗೆಮನೆಯವರೆಗೆ ಹೋಗಿ ನೀರು ಕುಡಿದು ಬಂದಳು.

ಚಳಿಗಾಲಕ್ಕೆ ಧಾರಾವಾಹಿ ಶುರುವಾಯಿತು. ಸನಾಏ ಪ್ರತಿ ಕಂತನ್ನೂ ರೆಕಾರ್ಡ್ ಮಾಡಿಟ್ಟು ಭಾನುವಾರ ಮಧ್ಯಾಹ್ನ ಹಾಕುತ್ತಿದ್ದಳು. ಐದನೆಯ ಕಂತಿನಲ್ಲಿ ತೆರೆಯ ತುಂಬ ಒಂದು ಎಡಗೈ ಬಂತು. ಕಿರುಬೆರಳು ತಂತಿಯ ಮೇಲೆ ನಿಂತು ನಡುಗಿತು.

"ಅಯ್ಯೋ, ನೋಡೇ! ಫೋನ್ ಬಂದಾಗ ನಿನ್ ಬೆರಳು ಹಿಂಗೇ ಆಡುತ್ತೆ. ಎಷ್ಟು ಚೆನ್ನಾಗಿ ನಟನೆ ಮಾಡಿದೀಯೇ!" ಎಂದು ತಾಯಿ ಅವಳ ಬೆನ್ನಿಗೆ ಗುದ್ದಿ ನಕ್ಕಳು. ದೇಶದಲ್ಲಿ ಎಷ್ಟೋ ಜನ ಅದನ್ನು ನೋಡಿ ಅತ್ತರಂತೆ, ಇದು ನನ್ನದೇ ಕಥೆ ಎಂದು ಬರೆದರಂತೆ.

ಕೊನೆಯ ಕಂತಿನ ಭಾನುವಾರ ಸನಾಏ ಮತ್ತೆ ಅಲಸಂದೆ ನೆನೆಹಾಕಿದಳು. ತೆರೆಯ ಮೇಲೆ ನಾಯಕಿ ತಲೆ ಎತ್ತಿ, ಜನರನ್ನು ನೋಡಿ, ನುಡಿಸಲು ತೊಡಗಿದಳು. ಚೆನ್ನಾಗಿತ್ತು. ಮೂರನೆಯ ಸಾಲನ್ನು ಮಿಫುಯು ಇನ್ನಷ್ಟು ನಿಧಾನಕ್ಕೆ ಎಳೆಯುತ್ತಿದ್ದಳು, ಅಷ್ಟೇ. ಕಪಾಟಿನಲ್ಲಿ ಹಾಗೆಯೇ ನುಡಿಸಿದ್ದಳು, ನೂರಾರು ಸಲ. ತಾಯಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು ನಿಂತಿದ್ದಳು. ಹಾಡು ಮುಗಿಯುವವರೆಗೆ ಅವಳು ಕೂರಲಿಲ್ಲ.

"ಇದೂ ನೀನೇ ಅಲ್ವೇನೇ?"

ಹೆಸರುಗಳು ಸರಸರನೆ ಮೇಲೇರಿ ಹೋಗುತ್ತಿದ್ದವು. ತಾಯಿಯ ಕನ್ನಡಕ ಅಡುಗೆಮನೆಯಲ್ಲೇ ಉಳಿದಿತ್ತು. ಮಿಫುಯು ಅವಳ ಮುಖ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಒಬ್ಬರ ಮುಖವನ್ನು ನೆಟ್ಟಗೆ ನೋಡಿದ್ದಳು. ನೋಡಿ, ತಲೆಯಾಡಿಸಿದಳು: ಹೌದು.

ಸನಾಏ ಸೌಟು ಹಿಡಿದೇ ಅಡುಗೆಮನೆಗೆ ಹೋದಳು. ಮೂಗೊರೆಸಿಕೊಂಡು ಕೆಂಪನ್ನ ತಂದು ಬಡಿಸಿದಳು, ಮಗಳು ತಿನ್ನುವುದನ್ನೇ ನೋಡುತ್ತ ಕುಳಿತಳು. ಬಟ್ಟಲು ಖಾಲಿಯಾದಾಗ ಸೌಟು ಮತ್ತೆ ಮುಂದೆ ಬಂತು.

"ಕೆಕ್ಕೋ" ಎಂದಳು ಮಿಫುಯು.

"ಚೆನ್ನಾಗಿದ್ಯಾ? ಗೊತ್ತಿತ್ತು ನಂಗೆ" ಎಂದು ತಾಯಿ ಬಟ್ಟಲನ್ನು ತುಂಬಿಸಿದಳು. ಮಿಫುಯು ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಕಾಳನ್ನು ಆರಿಸಿ ತಿನ್ನತೊಡಗಿದಳು.