ಕೆಳಗಿಟ್ಟ ಎಚ್ಚರಿಕೆ

ಕಟಾವಿನ ಕಾಲ. ರಸ್ತೆಯಾಚೆಯ ಹೊಲದಲ್ಲಿ ಬೆಳಗಿನಿಂದಲೇ ಯಂತ್ರ ಓಡುತ್ತಿತ್ತು. ಕಿಟಕಿ ಮುಚ್ಚಿದರೂ ಹೊಟ್ಟಿನ ಧೂಳು ಮೇಜಿನ ಮೇಲೆ ಬಂದು ಕೂರುತ್ತಿತ್ತು. ಮುಂದಿನ ಕೋಣೆಯಲ್ಲಿ ಗಂಡನ ಹೆಣ. ಹಿಂದಿನ ಕೋಣೆಯಲ್ಲಿ ಹೆಂಡತಿ ಪ್ರಿಂಟರಿಗೆ ಕಾಗದ ತುಂಬುತ್ತಿದ್ದಳು.

"ಅಮ್ಮಾ, ಇವತ್ತೂ ಕೆಲಸಾನಾ?" ಮಗಳು ಬಾಗಿಲಲ್ಲಿ ನಿಂತಳು. "ಡೈರೆಕ್ಟರು ಬಂದಿದಾರೆ. ಅಪ್ಪನ ಬಗ್ಗೆ ಎರಡು ಮಾತಾಡ್ತಾರಂತೆ."

"ಎರಡ್ಯಾಕೆ, ನಾಲ್ಕಾಡ್ಲಿ. ಅದಕ್ಕೇ ಈ ಕಾಗದ."

"ಏನಿದೆ ಅದ್ರಲ್ಲಿ?"

"ಕೇಳ್ತೀಯಲ್ಲ. ಹೋಗಿ ಮೈಕು ಸರಿಯಿದೆಯಾ ನೋಡು."

ಅಂಗಳದ ಮೂಲೆಯಲ್ಲಿ, ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬ ನಿಂತಿದ್ದ. ಮೇವು ಕತ್ತರಿಸುವ ಯಂತ್ರದ ಆಪರೇಟರ್. ಆಕೆಯೇ ಹೇಳಿ ಕಳಿಸಿ ಕರೆಸಿದ್ದಳು.

"ಅಕ್ಕಾ, ನಾನು ಬರಬಾರದಿತ್ತು. ನಿಮ್ಮನೆಯವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ."

"ಇಳಿಸ್ಬೇಡಿ. ಇನ್ನು ಹತ್ತು ನಿಮಿಷ ಹಾಗೇ ಇಟ್ಕೊಂಡಿರಿ. ಆಮೇಲೆ ಯಾರಿಗೆ ಸಲ್ಬೇಕೋ ಅವರಿಗೆ ಸಲ್ಲಿಸಿ." ಆಕೆ ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು.

*

ಗಂಡನ ಕಸುಬೇನೆಂದು ಕೇಳಿದವರಿಗೆ ಹೇಳುವುದೇ ಆಕೆಗೆ ಕಷ್ಟವಾಗಿತ್ತು. ಯಂತ್ರ ಮಾಡುವವರಿಗೆ ಯಂತ್ರ ಗೊತ್ತು. ಅದನ್ನು ಹೇಗೆ ನಡೆಸಬೇಕೆಂದು ಬರೆಯಲು ಬಾರದು. ಹಾಗೆ ಬರೆಯುವುದನ್ನು ಆತ ಕಂಪನಿ ಕಂಪನಿಗೆ ಹೋಗಿ ಕಲಿಸುತ್ತಿದ್ದ. ಮೊದಮೊದಲು ಪುಸ್ತಕ, ಆಮೇಲೆ ಕಂಪ್ಯೂಟರಿನ ಪುಟ, ಕೊನೆಗೆ ಫೋನಿನ ಪರದೆ. ಬರೆದದ್ದರ ಪರೀಕ್ಷೆ ಮಾತ್ರ ಮನೆಯಲ್ಲೇ.

"ಈ ಪಂಪು ಗಿಂಪು ನನಗೇನ್ರೀ ತಿಳಿಯುತ್ತೆ?"

"ತಿಳಿಯಲ್ಲ ಅಂತಾನೇ ನೀನು ಬೇಕು. ಬರೆದ ಹಾಗೆ ಮಾಡ್ತಾ ಹೋಗು. ನಾನು ಬಾಯಿ ಬಿಡಲ್ಲ."

ಬರೆದವನು ಬಾಯಿ ಬಿಡಬಾರದು, ಅದು ಆತನ ಕಟ್ಟಳೆ. ಒಮ್ಮೆ ಮಿಕ್ಸಿಯ ಪುಟ ಓದುತ್ತ ಆಕೆ ಗುಂಡಿ ಒತ್ತಿದಳು. ಗೋಡೆ, ಸೀರೆ, ಗಂಡನ ಕನ್ನಡಕ ಎಲ್ಲಕ್ಕೂ ಹಿಟ್ಟು ಹಾರಿತು. 'ಮುಚ್ಚಳ ಹಾಕದೆ ಒತ್ತಬೇಡಿ' ಎಂಬುದು ಮುಂದಿನ ಸಾಲಿನಲ್ಲಿತ್ತು.

"ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕು ಅಂತೀರಲ್ಲ!"

ಆತ ಕನ್ನಡಕ ಒರೆಸಿಕೊಳ್ಳುತ್ತ ನಕ್ಕ. "ತಪ್ಪು ನಿಂದಲ್ಲ, ನಂದು. ಜನ ಮುಂದಿನ ಸಾಲು ಓದೋ ಮೊದಲೇ ಕೈ ಓಡಿಸ್ತಾರೆ." ಅಂದಿನಿಂದ ಎಚ್ಚರಿಕೆ ಮೇಲೆ, ಕೆಲಸ ಕೆಳಗೆ. ತರಗತಿಯಲ್ಲಿ ಮೊದಲ ಪಾಠವೇ ಅದು.

*

ಡೈರೆಕ್ಟರು ಆತನ ಪಾಲುದಾರರು; ಇಂಥ ಪುಟಗಳನ್ನು ಬರೆದುಕೊಡುವ ಕಂಪನಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ಯಾವ ಕಾಗದವನ್ನೂ ಪೂರ್ತಿ ಓದುವಷ್ಟು ಪುರುಸೊತ್ತು ಅವರಿಗೆ ಎಂದೂ ಇರಲಿಲ್ಲ. ಮೊದಲ ಸಾಲು ನೋಡಿ ಸಹಿ ಎಳೆಯುವವರು. ಮೇವಿನ ಯಂತ್ರದ ಪುಟದಲ್ಲೂ ಮೊದಲ ಸಾಲು ನೋಡಿದರು: 'ಕರೆಂಟು ತಪ್ಪಿಸದೆ ಒಳಗೆ ಕೈ ಹಾಕಬೇಡಿ.' ಕೆಂಪು ಪೆನ್ನಿನಲ್ಲಿ ಬರೆದರು: 'ಇದು ಮೇಲಿದ್ದರೆ ಕೊಳ್ಳುವವರು ಹೆದರುತ್ತಾರೆ. ಕೆಳಗೆ ಹಾಕಿ.' ಗಂಡ ಎರಡು ದಿನ ವಾದಿಸಿದ. ಮೂರನೆಯ ದಿನ ಡೈರೆಕ್ಟರೇ ಬೇರೆಯವರಿಂದ ಆ ಸಾಲನ್ನು ಕೆಳಗೆ ಹಾಕಿಸಿದರು.

ಆಪರೇಟರ್ ಫೋನಿನಲ್ಲಿ ಪುಟ ತೆರೆದು, 'ಸಿಕ್ಕಿಕೊಂಡ ಮೇವನ್ನು ಎಳೆದು ತೆಗೆಯಿರಿ' ಎಂಬಲ್ಲಿಗೆ ಬಂದು ಕೈ ಹಾಕಿದ. ಮೂರು ಬೆರಳು ಹೋದವು. ವಿಚಾರಣೆಯಲ್ಲಿ ಡೈರೆಕ್ಟರು, "ಬರೆದವರು ಅವರು" ಎಂದು ಕೈ ತೋರಿಸಿದರು. ಗಂಡ ಬಾಯಿ ಬಿಡಲಿಲ್ಲ.

"ಬಿಟ್ರೆ ಕಂಪನಿ ಮುಚ್ಚುತ್ತೆ ಕಣೇ. ನಾನು ಕಲಿಸಿದ ಹನ್ನೆರಡು ಜನ ಬೀದಿಗೆ ಬೀಳ್ತಾರೆ."

"ನಿಮ್ಮ ಹೆಸರು ಬೀದಿಗೆ ಬಿದ್ದಿದೆಯಲ್ಲ?"

ಆಮೇಲೆ ಒಂಬತ್ತು ವರ್ಷ ಯಾರೂ ಪಾಠಕ್ಕೆ ಕರೆಯಲಿಲ್ಲ. ಹನ್ನೆರಡೂ ಜನ ಬೇರೆ ಬೇರೆ ಕಡೆ ಸೇರಿಕೊಂಡು ನೆಲೆಯಾದರು. ಗಂಡ ಮನೆಗೆ ತಂದಿದ್ದ ಆ ಕೆಂಪು ಅಕ್ಷರದ ಹಾಳೆ ಆಕೆಯ ಸೀರೆಗಳ ಅಡಿಯಲ್ಲಿ ಕೆಂಡದಂತೆ ಕೂತಿತ್ತು.

*

"ಅತ್ತಿಗೆ, ನನ್ನ ಬಲಗೈನೇ ಹೋದ ಹಾಗಾಯ್ತು," ಎಂದರು ಡೈರೆಕ್ಟರು.

ಆಕೆ ಆಪರೇಟರನ ಜೇಬಿನ ಕಡೆಗೊಮ್ಮೆ ನೋಡಿದಳು. "ಮಾತು ಬರೆದಿಟ್ಟಿದೀನಿ. ನೀವೇ ಓದ್ಬೇಕು."

"ಅಯ್ಯೋ, ಓದ್ತೀನಿ ಬಿಡಿ." ಅವರು ಮೊದಲ ಸಾಲಿನ ಮೇಲೆ ಕಣ್ಣಾಡಿಸಿದರು, ಹೊಗಳಿಕೆಯಿತ್ತು. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು.

ಹಳೆಯ ಶಿಷ್ಯರು, ನೆರೆಯವರು, ಕಂಪನಿಗಳವರು ಸುಮ್ಮನಾದರು. ಹೆಣದ ಪಕ್ಕ ಕೂತ ಆಕೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ತುಟಿ ಬಿಗಿದಳು. ಈಗ ಬರೆದವಳು ಆಕೆ.

"ಇಪ್ಪತ್ತಾರು ವರ್ಷ ಇವರು ನೂರಾರು ಜನಕ್ಕೆ ಬರೆಯಲು ಕಲಿಸಿದರು," ಡೈರೆಕ್ಟರ ದನಿ ಅಂಗಳ ತುಂಬಿತು. "ಎಚ್ಚರಿಕೆ ಮೊದಲು ಬರಬೇಕು ಎಂದು ಕಲಿಸಿದರು. ಮೇವಿನ ಯಂತ್ರದ ಪುಟದಲ್ಲೂ ಮೊದಲೇ ಇಟ್ಟಿದ್ದರು. ಅದನ್ನು ಕೆಳಗೆ ತಳ್ಳಿಸಿದವನು ನಾನು..."

ನಿಂತರು. ಹಾಳೆಯಿಂದ ತಲೆಯೆತ್ತಿದರು.

"ಅತ್ತಿಗೆ, ಇದೇನಿದು?"

ಆಕೆ ಬಾಯಿ ಬಿಡಲಿಲ್ಲ.

"ಮುಂದೆ ಓದಿ ಸಾರ್," ಹಿಂದಿನಿಂದ ಶಿಷ್ಯನೊಬ್ಬ ಕೂಗಿದ. "ಅರ್ಧಕ್ಕೇ ನಿಲ್ಲಿಸೋದು ನಿಮ್ಮ ಹಳೇ ರೂಢಿ."

ಡೈರೆಕ್ಟರು ಹಾಳೆ ಮಗುಚಿದರು. ಅಡಿಯಲ್ಲಿ ಪಿನ್ನು ಹಾಕಿದ ಹಳದಿಗಟ್ಟಿದ ಹಾಳೆ, ಅದರಲ್ಲಿ ಅವರದೇ ಕೆಂಪಕ್ಷರ, ಅವರದೇ ಸಹಿ. ಅದರ ಕೆಳಗೆ, ಕಟ್ಟಕಡೆಗೆ, ಆಕೆ ಸಣ್ಣಕ್ಷರದಲ್ಲಿ ಬರೆದಿದ್ದಳು: 'ಎಚ್ಚರಿಕೆ: ಪೂರ್ತಿ ನೋಡದೆ ಗಟ್ಟಿಯಾಗಿ ಓದಬೇಡಿ.'

ಆಪರೇಟರ್ ಎದ್ದುಬಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ಆ ಕೈ ಜೇಬಿನಿಂದ ಹೊರಬಂತು. ಉಳಿದೆರಡು ಬೆರಳುಗಳಲ್ಲಿ ಡೈರೆಕ್ಟರ ಕೈಯಿಂದ ಹಾಳೆಗಳನ್ನು ಎಳೆದುಕೊಂಡ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ತುಟಿಯಾಡಿಸುತ್ತ, ನಿಧಾನವಾಗಿ ಓದಿದ. ಅಷ್ಟು ಹೊತ್ತೂ ಡೈರೆಕ್ಟರು ಮೈಕಿನ ಮುಂದೆ ನಿಂತೇ ಇದ್ದರು. ಜನ ಬಾಗಿಲಿನ ದಾರಿ ಬಿಟ್ಟಿರಲಿಲ್ಲ.

ಓದಿ ಮುಗಿಸಿದವನು ಬಗ್ಗಿ, ಸತ್ತವನ ಅಂಗಿಯ ಜೇಬಿನ ಹತ್ತಿರ ಕೂತಿದ್ದ ಹೊಟ್ಟಿನ ಧೂಳನ್ನು ಆ ಎರಡು ಬೆರಳುಗಳಿಂದ ಮೆಲ್ಲಗೆ ಒರೆಸಿದ.